ಊಟದ ಪ್ರಾರ್ಥನೆಯಲ್ಲಿ ಇಲ್ಲದ ಹೆಸರು

ಚಿಕ್ಕವನಿದ್ದಾಗ ಮನೆಯಲ್ಲಿ ಬಿಸಿ ರೊಟ್ಟಿ ತಿಂದ ನೆನಪೇ ನನಗಿಲ್ಲ. ಅವ್ವ ಬಡಿದು ಹಾಕುತ್ತಿದ್ದದ್ದು ಬಿಸಿಯೇ. ಅಪ್ಪನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಅದು ತಣ್ಣಗಾಗಿ ಚರ್ಮದ ಹಾಗೆ ಆಗಿರುತ್ತಿತ್ತು. ಸಿಂದಗಿಯಲ್ಲಿ ನಮ್ಮದು ಎರಡೇ ಕೋಣೆಯ ಮನೆ, ಕ್ರೈಸ್ತ ದೇವಾಲಯದ ಕಂಪೌಂಡಿನ ಹಿಂಬದಿಗೆ. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ನಡುವೆ ಒಂದು ಎತ್ತರದ ಕಲ್ಲಿನ ಹೊಸ್ತಿಲು. ಅಪ್ಪ ಉಪದೇಶಿ. ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗಿನ ಕೆಲಸ ಅದು. ಪಾದ್ರಿ ಮುಟ್ಟದ ಹಳ್ಳಿಗಳಿಗೆ, ಮೋರಟಗಿ, ಆಲಮೇಲದ ಕಡೆಗೆಲ್ಲ, ಸೈಕಲ್ಲು ತುಳಿದುಕೊಂಡು ಹೋಗಿ, ಅಲ್ಲಿರುವ ಎರಡು ಮೂರು ಕ್ರೈಸ್ತ ಮನೆಗಳಲ್ಲಿ ಬೈಬಲಿನ ವಾಕ್ಯ ಓದಿ, ರೋಗಿಗಳ ತಲೆಯ ಮೇಲೆ ಕೈಯಿಟ್ಟು ಬರುವವನು. ಊರೆಲ್ಲ ಅವನನ್ನು ಉಪದೇಶಿ ಮಾಸ್ತರ ಎಂದೇ ಕರೆಯುತ್ತಿತ್ತು. ಮನೆಗೆ ಬಂದು ಕೈಕಾಲು ತೊಳೆದು ತಾಟಿನ ಮುಂದೆ ಕೂತನೆಂದರೆ ಅವನ ಬಾಯಲ್ಲಿ ನಮ್ಮ ಮಾತು ಸತ್ತುಹೋಗಿ ಗ್ರಂಥದ ಕನ್ನಡ ಹುಟ್ಟುತ್ತಿತ್ತು. "ಓ ಪರಲೋಕದ ತಂದೆಯೇ, ಈ ನಿನ್ನ ದಾಸಿಯನ್ನು ಆಶೀರ್ವದಿಸು" ಅಂದರೆ ಅದು ಅವ್ವ. ಆಮೇಲೆ ನನ್ನ ಹೆಸರು, "ನಿನಗೇ ಒಪ್ಪಿಸಿಕೊಟ್ಟ ಸಮುವೇಲನನ್ನು." ಆಮೇಲೆ ನನಗಿಂತ ಎರಡು ವರ್ಷ ಸಣ್ಣವಳಾದ ತಂಗಿ ರೂತ. ಆಮೇಲೆ ಹಳ್ಳಿಯ ರೋಗಿಗಳು, ಮುದ್ದೇಬಿಹಾಳದ ನಮ್ಮ ಅಜ್ಜಿಯ ಮೊಣಕಾಲು, ಒಮ್ಮೊಮ್ಮೆ ಕೆಚ್ಚಲು ಬಾತ ನಮ್ಮ ಆಡು ಕೆಂಪಿ. ಆಮೆನ್ ಅನ್ನುವ ತನಕ ತಾಟಿಗೆ ಕೈ ಹಾಕುವಂತಿರಲಿಲ್ಲ.

ನನ್ನನ್ನು ಹುಟ್ಟುವ ಮೊದಲೇ ಅಪ್ಪ ದೇವರಿಗೆ ಬರೆದುಕೊಟ್ಟಿದ್ದ. ಅವ್ವನಿಗೆ ಎರಡು ಕೂಸು ನಿಂತಿರಲಿಲ್ಲವಂತೆ. ಮೂರನೆಯದು ಗಂಡಾಗಿ ಉಳಿದರೆ ಪಾದ್ರಿ ಮಾಡಿಸುತ್ತೇನೆಂದು ಅಪ್ಪ ಹರಕೆ ಹೊತ್ತ. ತಾನು ಹತ್ತಲಾಗದ ಮೆಟ್ಟಿಲನ್ನು ನನ್ನ ಕಾಲಿನಿಂದ ಹತ್ತುವ ಲೆಕ್ಕ ಅದು. ನನ್ನ ತಲೆ ಪುಸ್ತಕಕ್ಕೆ ಹತ್ತಲಿಲ್ಲ ಎಂದು ಜನ ಅಂದುಕೊಂಡಿದ್ದಾರೆ, ಸುಳ್ಳು. ಏಳನೆಯ ಇಯತ್ತೆಯ ತನಕ ನಾನು ಯಾವ ವಿಷಯದಲ್ಲೂ ನಪಾಸಾದವನಲ್ಲ. ಆ ಬೇಸಿಗೆ ದೇವಾಲಯದ ಕಬ್ಬಿಣದ ಗೇಟಿನ ಕೀಲು ಮುರಿದು, ಅದನ್ನು ಕಾಳಪ್ಪ ಬಡಿಗೇರನ ವೆಲ್ಡಿಂಗ್ ಅಂಗಡಿಗೆ ಹೊರಲು ಅಪ್ಪ ನನ್ನನ್ನೇ ಕಳಿಸಿದ. ಕಾಳಪ್ಪ ಕಪ್ಪು ಗಾಜು ನನ್ನ ಮುಖಕ್ಕೆ ಹಿಡಿದು, "ನೋಡ ಮಗನ, ಎರಡು ಕಬ್ಬಿಣ ಹೆಂಗ ನೀರಾಗಿ ಒಂದ ಆಗ್ತಾವ" ಅಂದ. ನಾನು ನೋಡಿದೆ. ಅಷ್ಟೇ. ಜೂನ್ ತಿಂಗಳು ಸಾಲೆ ಸುರುವಾದಾಗ ನನ್ನ ಕಾಲು ಆ ಕಡೆ ಹೋಗಲಿಲ್ಲ.

"ನಾ ಸಾಲಿಗೆ ಹೋಗಂಗಿಲ್ಲ. ಕಾಳಪ್ಪ ಮಾವನ ಕಡೆ ಕೆಲಸ ಕಲಿತೇನಿ."

"ನಿನ್ನ ದೇವರಿಗೆ ಕೊಟ್ಟೇನಿ ನಾ," ಅಂದ ಅಪ್ಪ.

"ನನ್ನ ಕೇಳಿ ಕೊಟ್ಟಿಯೇನು?"

ಕಪಾಳಕ್ಕೆ ಬಿದ್ದ ಆ ಏಟು ದೊಡ್ಡದಲ್ಲ. ಅಷ್ಟಕ್ಕೇ ಮುಗಿದಿದ್ದರೆ ನಾನು ಈ ಅಧ್ಯಾಯ ಬರೆಯುತ್ತಿರಲಿಲ್ಲ. ಕೆಲಸಕ್ಕೆ ಹೋಗಲು ಬಿಟ್ಟ, ಮುಖ ಗಂಟಿಕ್ಕಿಕೊಂಡೇ ಬಿಟ್ಟ. ಪ್ರಾರ್ಥನೆಯಲ್ಲಿ ನನ್ನ ಹೆಸರು ಇನ್ನೂ ಇತ್ತು. "ದಾರಿಗೆ ತರು" ಎಂಬ ಬಾಲವೊಂದು ಹತ್ತಿತ್ತು, ಅಷ್ಟೇ. ಒಂದು ಭಾನುವಾರ ಮುಂಜಾನೆ ಆರಾಧನೆಗೆ ಹೊರಡುವಾಗ ಕಂಪೌಂಡಿನ ಆಚೆ ರಸ್ತೆಯಲ್ಲಿ ಕಬ್ಬು ತುಂಬಿದ ಟಾಯರ್ ಗಾಡಿಯೊಂದರ ಅಚ್ಚು ಮುರಿಯಿತು. ಎತ್ತುಗಳ ಕೊರಳ ಮೇಲೆ ನೊಗ ಜಗ್ಗಿ ಕೂತಿತ್ತು, ಒಂದು ಎತ್ತು ಮಂಡಿಯೂರಿಬಿಟ್ಟಿತ್ತು. ಗಾಡಿಯವನು ಕಾಳಪ್ಪನ ಮನೆಗೆ ಓಡಿದ. ಕಾಳಪ್ಪ ಇಂಡಿಗೆ ಬೀಗರ ಮನೆಗೆ ಹೋಗಿದ್ದ, ಅಂಗಡಿಯ ಕೀಲಿ ನನ್ನ ಕಡೆ. ನಾನು ಅಂಗಿ ಕಳಚಿಟ್ಟು ಹೋಗಿ ವೆಲ್ಡಿಂಗ್ ಮಷೀನನ್ನು ಗಾಡಿಯ ಬಳಿಗೇ ತಂದೆ. ಗಂಟೆ ಬಾರಿಸಿತು, ಹಾಡು ಸುರುವಾಯಿತು, ನನ್ನ ಹೋಲ್ಡರಿನಿಂದ ಕಿಡಿ ಹಾರುವುದು ದೇವಾಲಯದ ಕಿಟಕಿಯಿಂದ ಕಾಣುತ್ತಿತ್ತು. ಹಳ್ಳಕ್ಕೆ ಬಿದ್ದ ಎತ್ತನ್ನು ಸಬ್ಬತ್ ಎಂಬ ವಿಶ್ರಾಂತಿಯ ದಿನ ಎತ್ತಬಾರದೇ ಎಂದು ಕ್ರಿಸ್ತ ಸ್ವಾಮಿಯೇ ಕೇಳಿದ್ದನ್ನು ನನಗೆ ಕಲಿಸಿದವನು ಯಾರು? ಇದೇ ಅಪ್ಪ. ಎಷ್ಟು ಸಲ ಅದೇ ಮಾತನ್ನು ಹಳ್ಳಿಯ ಜಗುಲಿಗಳ ಮೇಲೆ ಕೂತು ವಿವರಿಸಿದ್ದಾನೆ! ಎತ್ತು ಖರೇ ಎತ್ತಾಗಿ ಬಾಗಿಲ ಮುಂದೆ ಮಂಡಿಯೂರಿದಾಗ ಮಾತ್ರ ಅದು ಅವನಿಗೆ ಕಾಣಲಿಲ್ಲ. ಕಂಡದ್ದು, ಸಭೆಯ ಜನರೆದುರು ತನ್ನ ಮಗ ಭಾನುವಾರ ಕಬ್ಬಿಣ ಸುಡುತ್ತಿರುವುದು.

ಮಧ್ಯಾಹ್ನ ನಾಲ್ಕೂ ಜನ ಕೂತೆವು. ಕೋಳಿ ಸಾರು ಮಾಡಿದ್ದಳು ಅವ್ವ. ದಾಸಿಯನ್ನು ಆಶೀರ್ವದಿಸು ಎಂದ ಅಪ್ಪ, ಒಂದು ಉಸಿರು ತಗೊಂಡು, ರೂತಳನ್ನು ಆಶೀರ್ವದಿಸು ಎಂದ. ನಾನು ಕಣ್ಣು ತೆರೆದೆ. ಅವ್ವನೂ ತೆರೆದಿದ್ದಳು. ಅಪ್ಪನ ಕಣ್ಣು ಮಾತ್ರ ಮುಚ್ಚಿಯೇ ಇತ್ತು. ಅಜ್ಜಿಯ ಮೊಣಕಾಲು ಬಂತು, ರೋಗಿಗಳು ಬಂದರು, ಕೆಂಪಿಯ ಕೆಚ್ಚಲೂ ಬಂತು. ಆಮೆನ್. ಆಡಿಗೆ ಸಿಕ್ಕ ಜಾಗ ನನಗೆ ಸಿಗಲಿಲ್ಲ. ನಾನು ತಾಟು ಎತ್ತಿಕೊಂಡು ಹೊಸ್ತಿಲು ದಾಟಿ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕೂತು ತಿಂದೆ. ಮರುದಿನವೂ ಅಲ್ಲೇ. ಐದು ವರ್ಷ ಅಲ್ಲೇ. ನನ್ನ ಪಾಲಿನ ಪ್ರಾರ್ಥನೆಯನ್ನು ಅವ್ವ ರೊಟ್ಟಿ ತಟ್ಟುವ ಸಪ್ಪಳದಲ್ಲಿ ಮುಚ್ಚಿ, ಬಾಯೊಳಗೇ ಹೇಳುತ್ತಿದ್ದಳು. ಅವಳು ಅಪ್ಪನಿಗೆ ಒಂದು ಮಾತು ಎದುರು ಹೇಳಲಿಲ್ಲವೆಂಬ ಸಿಟ್ಟು ನನಗೆ ಅವಳ ಮೇಲೂ ಇತ್ತು, ಇವತ್ತೂ ಇದೆ. ಮನೆಯ ಜೋಳ ನಾನು ತರುತ್ತಿದ್ದೆ. ರೂತಳ ಕಾಲೇಜಿನ ಚೀಲ, ಚಪ್ಪಲಿ ನಾನು ತಂದದ್ದು. ದೇವಾಲಯದ ಕಿಟಕಿಗಳ ಸರಳು ನಾನು ಕೂಡಿಸಿದ್ದು. ಅಪ್ಪ ಅವನ್ನೆಲ್ಲ ದೇವರು ಕೊಟ್ಟ ಎಂದು ಪ್ರಾರ್ಥನೆಯಲ್ಲಿ ಹೇಳುತ್ತಿದ್ದ. ಯಾರ ಕೈಯಿಂದ ಕೊಟ್ಟ ಎಂದು ಹೇಳುತ್ತಿರಲಿಲ್ಲ.

ನನಗೆ ಹತ್ತೊಂಬತ್ತು ತುಂಬುವ ಹೊತ್ತಿಗೆ ಹೊಸ ಪಾದ್ರಿ ಸಾಹೇಬರು ಬಂದರು. ಮೈಸೂರಿನ ಕಡೆಯವರು, ವಯಸ್ಸು ಸಣ್ಣದು, ಮಾತು ನಯ. ಓದಿದ ಕಡೆಯಿಂದ ಒಂದು ರಟ್ಟಿನ ಪೆಟ್ಟಿಗೆ ತುಂಬ ಸಿನಿಮಾದ ಸಿ.ಡಿ. ತಟ್ಟೆಗಳನ್ನು ತಂದಿದ್ದರು. ಎಲ್ಲ ತೈವಾನ್ ಎಂಬ ನಡುಗಡ್ಡೆ ದೇಶದ ಒಬ್ಬನೇ ನಿರ್ದೇಶಕ ತೆಗೆದವು, ಎಲ್ಲ ಮನೆಯೊಳಗಿನ ಕಥೆಗಳು. ಅವರ ಕಾಲೇಜಿನಲ್ಲಿ ಗುರುಗಳೊಬ್ಬರು ಇವನ್ನು ತೋರಿಸಿ, ಕುಟುಂಬ ಎಂದರೇನು, ಕೃಪೆ ಎಂದರೇನು ಎಂದು ಪಾಠ ಮಾಡಿದ್ದರಂತೆ. ಸಾಹೇಬರಿಗೂ ಅದೇ ಹುಚ್ಚು ಹತ್ತಿತ್ತು. ಭಾನುವಾರ ಮಧ್ಯಾಹ್ನ ದೇವಾಲಯದ ಕಿಟಕಿಗಳಿಗೆ ಜಮಖಾನೆ ಕಟ್ಟಿ, ಟಿವಿ ಇಟ್ಟು, ಪಕ್ಕದಲ್ಲಿ ನಿಂತು ಕೆಳಗೆ ಬರುವ ಇಂಗ್ಲಿಷ್ ಅಕ್ಷರ ಓದಿ ಕನ್ನಡದಲ್ಲಿ ಹೇಳುವುದು ಅವರ ಯೋಜನೆ. ರೂತ ನನ್ನನ್ನು ಎಳೆದುಕೊಂಡು ಹೋದಳು. ನಾನು ಹಿಂದಿನ ಗೋಡೆಗೆ ಒರಗಿ ನಿಂತೆ. ಅಪ್ಪ ಮೊದಲ ಸಾಲಿನ ಚಾಪೆಯ ಮೇಲೆ.

ಸಿನಿಮಾದಲ್ಲಿ ಒಬ್ಬ ಮುದುಕ, ನಿವೃತ್ತ ಹೆಡ್ ಮಾಸ್ತರ. ಅವನ ಮಗ ಲಾರಿ ಓಡಿಸುತ್ತಾನೆ. ಮುದುಕನಿಗೆ ಅದು ಸೇರಿಲ್ಲ. ಒಂದೇ ಮನೆಯಲ್ಲಿದ್ದೂ ಒಬ್ಬರಿಗೊಬ್ಬರು ಮಾತಿಲ್ಲ. ಉಣ್ಣುವ ಹೊತ್ತಿಗೆ ಎಲ್ಲರೂ ದುಂಡು ಮೇಜಿಗೆ ಕೂಡುತ್ತಾರೆ, ಮಗ ಮಾತ್ರ ಬಟ್ಟಲು ಹಿಡಿದುಕೊಂಡು ಲಾರಿಯಲ್ಲಿ ಹೋಗಿ ಕೂಡುತ್ತಾನೆ. ಅದನ್ನು ನೋಡಿ ನನ್ನ ಬೆನ್ನು ಗೋಡೆಯಿಂದ ತಾನೇ ಬಿಟ್ಟಿತು. ಹಾಡಿಲ್ಲ, ಹೊಡೆದಾಟವಿಲ್ಲ. ಜನ ಗೊಣಗಿದರು.

"ಇವರ ಮನ್ಯಾಗ ರೊಟ್ಟಿ ಮಾಡಂಗಿಲ್ಲೇನ್ರಿ ಸಾಹೇಬ್ರ? ಬರೇ ಅನ್ನಾನ ತಿನ್ನಾಕತ್ತಾರ," ಅಂದಳು ಮುಂದೆ ಕೂತ ಶಾಂತವ್ವ, ಗಂಟೆ ಬಾರಿಸುವವನ ಹೆಂಡತಿ.

"ಕಡ್ಡೀಲೆ ತಿಂದ್ರ ರೊಟ್ಟಿ ಹೆಂಗ ಮುರೀತಾರಬೇ?" ಎಂದು ಅವಳ ಗಂಡ ಅಂದ.

"ನಿಮ್ಮಂಗ ಕೈ ಆಡಿಸ್ಕೋತ ತಿನ್ನೂದಕ್ಕಿಂತ ಚಲೋ ಬಿಡ್ರಿ."

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ನಾನು ಬೇರೊಂದನ್ನು ನೋಡುತ್ತಿದ್ದೆ. ಬಾಗಿಲು, ಕಿಟಕಿ, ಚೌಕಟ್ಟು ಮಾಡುವುದು ನನ್ನ ಕಸುಬು. ಎಲ್ಲಿ ಹೋದರೂ ಮೊದಲು ಚೌಕಟ್ಟೇ ಕಣ್ಣಿಗೆ ಬೀಳುತ್ತದೆ. ಈ ನಿರ್ದೇಶಕನ ಕ್ಯಾಮೆರಾ ಯಾವಾಗಲೂ ಬಾಗಿಲ ಚೌಕಟ್ಟಿನ ಈಚೆಗೇ ನಿಂತಿತ್ತು. ಮನೆಯವರು ಒಳಗೆ ಉಣ್ಣುತ್ತಾರೆ, ಜಗಳಾಡುತ್ತಾರೆ, ಒಬ್ಬರು ಎದ್ದು ಹೋಗುತ್ತಾರೆ. ಕ್ಯಾಮೆರಾ ಮಾತ್ರ ಒಳಗೂ ನುಗ್ಗುವುದಿಲ್ಲ, ಬಿಟ್ಟೂ ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಹಾಗೆ ನಿಲ್ಲುವವಳು ಅವ್ವ. ಹೊಸ್ತಿಲ ಮೇಲೆ ನಿಂತು ಈ ಕಡೆ ಒಲೆಯ ಮುಂದೆ ನನ್ನನ್ನು, ಆ ಕಡೆ ತಾಟಿನ ಮುಂದೆ ಅಪ್ಪನನ್ನು ನೋಡುತ್ತ ನಿಲ್ಲುವವಳು.

ಕೊನೆಗೆ ಮಳೆ. ಮಗ ದೂರದ ಊರಿಗೆ ಹೊರಟು ನಿಂತಿದ್ದಾನೆ, ಲಾರಿಯ ಎಂಜಿನ್ ಸುರುವಾಗಿದೆ. ಮುದುಕ ಛತ್ರಿ ಹಿಡಿದು ಬಾಗಿಲಿಗೆ ಬರುತ್ತಾನೆ, ಇಡೀ ಸಿನಿಮಾದಲ್ಲಿ ಮೊದಲ ಸಲ ಮಗನಿಗೆ ಒಂದು ಮಾತು ಆಡುತ್ತಾನೆ. ಪಾದ್ರಿ ಸಾಹೇಬರು ಎದೆ ತುಂಬಿ ಹೇಳಿದರು:

"ಮಗನೇ, ನೀನು ತಪ್ಪು ಮಾಡಿದೆ. ಆದರೂ ನಾನು ನಿನ್ನನ್ನು ಕ್ಷಮಿಸಿದ್ದೇನೆ. ತಂದೆಯ ಮನೆಗೆ ಹಿಂತಿರುಗಿ ಬಾ."

ಹೇಳಿ, ಟಿವಿಯನ್ನು ಬಿಟ್ಟು ಹಿಂದಿನ ಗೋಡೆಯ ಕಡೆ ನೋಡಿದರು. ಅವರು ನೋಡಿದ ಕಡೆಗೆ ಎಲ್ಲರೂ ತಿರುಗಿದರು. ಅಪ್ಪ ಒಬ್ಬನೇ ತಿರುಗಲಿಲ್ಲ.

ಮೈ ಉರಿಯಿತು. ಸ್ವಾಮಿ ಹೇಳಿದ ಇಬ್ಬರು ಗಂಡುಮಕ್ಕಳ ಕಥೆ ನನಗೂ ಗೊತ್ತು. ಪಾಲು ತಗೊಂಡು ಊರು ಬಿಟ್ಟು ಹಾಳು ಮಾಡಿ ಬಂದವನು ಕಿರಿಯ. ನಾನು ಯಾವ ಊರು ಬಿಟ್ಟಿದ್ದೆ? ಏನು ಹಾಳು ಮಾಡಿದ್ದೆ? ಮೈಮುರಿದು ದುಡಿದು ಅದೇ ಮನೆಯಲ್ಲಿ, ನಾಲ್ಕು ಹೆಜ್ಜೆ ದೂರದಲ್ಲಿ ಐದು ವರ್ಷ ಉಂಡು ಮಲಗಿದವನನ್ನು ಸಭೆಯ ನಡುವೆ ದಾರಿ ತಪ್ಪಿದವನನ್ನಾಗಿ ನಿಲ್ಲಿಸಿದ್ದರು.

"ಸಾಹೇಬ್ರ, ನನಗ ಯಾರ ಕ್ಷಮಾನೂ ಬ್ಯಾಡ್ರಿ," ಅಂದೆ. "ನಾ ಹೊರಗ ಹೋಗಿಲ್ಲ, ಹಿಂತಿರುಗಿ ಬರಾಕ. ಮತ್ತ ಆ ಮುದುಕ ಆಡಿದ್ದು ಎರಡ ಮಾತು. ನೀವು ಒಂದು ಭಾನುವಾರದ ಪ್ರಸಂಗಾನ ಹೇಳಿದ್ರಿ. ಅಳತಿ ತಪ್ಪೇತಿ."

ಸಾಹೇಬರ ಮುಖ ಕೆಂಪಾಯಿತು. ನಾನು ಹೊರಗೆ ಬಂದೆ. ಹಿಂದೆಯೇ ರೂತ ಓಡಿಬಂದಳು. ಇಬ್ಬರೂ ಮನೆ ಮುಟ್ಟಿದೆವು. ಅಡುಗೆಮನೆಯಲ್ಲಿ ಕೊಡದ ನೀರು ಕುಡಿದು ಕೂತ ಮೇಲೆ ಅವಳು ನನ್ನ ಎದುರು ಕೂತಳು. ಅವಳು ಆಗ ಪಿಯುಸಿ, ಇಂಗ್ಲಿಷ್ ಬರುತ್ತಿತ್ತು.

"ಅಣ್ಣಾ, ನೀ ಅಂದಿದ್ದು ಖರೇ. ಅಲ್ಲಿ ಬರ್ದಿದ್ದು ಅದಲ್ಲ."

"ಮತ್ತೇನು?"

"ಊಟ ಆತೇನು, ಅಂತ. ಅಷ್ಟ."

"ಅಷ್ಟನಾ?"

"ಅಷ್ಟ ಅಣ್ಣಾ. ಮುದುಕ ಅವಂಗ ಊಟ ಆತೇನು ಅಂತ ಕೇಳ್ತಾನ. ಮಗ ಏನೂ ಅನ್ನಂಗಿಲ್ಲ. ಲಾರಿ ಹಂಗ ನಿಂತಿರ್ತೈತಿ, ಸಿನಿಮಾ ಮುಗೀತೈತಿ."

ಪಡಸಾಲೆಯಲ್ಲಿ ಚಪ್ಪಲಿ ಬಿಟ್ಟ ಸಪ್ಪಳವಾಯಿತು. ಅಪ್ಪ ಯಾವಾಗ ಬಂದಿದ್ದನೋ, ಎಷ್ಟು ಕೇಳಿದ್ದನೋ.

ಆಮೇಲಿನ ವರ್ಷಗಳಲ್ಲಿ ಆ ನಿರ್ದೇಶಕನ ಬಹಳಷ್ಟು ಸಿನಿಮಾ ನೋಡಿದ್ದೇನೆ, ಮೊದಲು ರೂತ ಓದಿ ಹೇಳಿದಳು, ಈಗ ನನ್ನ ಮಗಳು ಹೇಳುತ್ತಾಳೆ. ಜನ ನನ್ನನ್ನು ಕೇಳುತ್ತಾರೆ, ಕ್ರಿಸ್ತನ ಹೆಸರೇ ಇಲ್ಲದ ಆ ಚಿತ್ರಗಳಲ್ಲಿ ನಿನಗೇನು ಕಂಡಿತು ಅಂತ. ಕಂಡದ್ದು ಇದು. ನಮ್ಮ ದೇವಾಲಯದಲ್ಲಿ ಪಾಪ ಎಂಬ ಮಾತನ್ನು ದಿನಕ್ಕೆ ನೂರು ಸಲ ಕೇಳಿದ್ದೇನೆ, ಕ್ಷಮೆ ಎಂಬುದನ್ನೂ ಅಷ್ಟೇ ಸಲ. ಎರಡೂ ಎತ್ತರದಲ್ಲಿ ನಿಂತು ಕೆಳಗೆ ಎಸೆಯುವ ಮಾತುಗಳು. ಕ್ಷಮಿಸಿದ್ದೇನೆ ಎಂದವನು ನೀನು ತಪ್ಪಿತಸ್ಥ ಎಂದೂ ಅದೇ ಉಸಿರಿನಲ್ಲಿ ಹೇಳಿರುತ್ತಾನೆ. ಈ ತೈವಾನಿನವನು ತನ್ನ ಮುದುಕನಿಗೆ ಆ ಎತ್ತರ ಕೊಡಲಿಲ್ಲ. ಯಾರು ಸರಿ, ಯಾರು ತಪ್ಪು ಎಂದು ತೀರ್ಪು ಮಾಡಲಿಲ್ಲ. ಮಗನ ಹೊಟ್ಟೆಯ ಬಗ್ಗೆ ಅವನಿಂದ ಕೇಳಿಸಿದ, ಅಷ್ಟೇ. ಆ ದೇಶದಲ್ಲೂ ನಮ್ಮ ಹಾಗೆ ಎದುರು ಸಿಕ್ಕವರನ್ನು ಊಟ ಆತೇನು ಎಂದೇ ಮಾತಾಡಿಸುತ್ತಾರಂತೆ. ದಾರಿಯಲ್ಲಿ ಹೋಗುವವನಿಗೂ ಕೇಳುವ ಮಾತನ್ನು ತಂದೆಯೊಬ್ಬ ಐದು ವರ್ಷ ಮಗನಿಗೆ ಕೇಳದೆ ಇರುವುದು ಎಂಥ ಪಾಪ ಎಂದು ಯಾವ ಪ್ರಸಂಗವೂ ನನಗೆ ಅಷ್ಟು ಚೆನ್ನಾಗಿ ಹೇಳಿಲ್ಲ. ಸತ್ತು ಎದ್ದುಬಂದ ಸ್ವಾಮಿ ಕೆರೆಯ ದಂಡೆಗೆ ಬಂದಾಗ ತನ್ನನ್ನು ಬಿಟ್ಟು ಓಡಿಹೋದ ಶಿಷ್ಯರಿಗೆ ಮೊದಲು ಕೇಳಿದ್ದೂ ತಿನ್ನಲು ಏನಾದರೂ ಇದೆಯೇ ಎಂದೇ. ಕೆಂಡದ ಮೇಲೆ ಮೀನು ಸುಟ್ಟಿಟ್ಟುಕೊಂಡು ಕರೆದ. ಮೂರು ಸಲ ತನ್ನನ್ನು ಅರಿಯೆನೆಂದ ಪೇತ್ರನಿಗೆ ಕೇಳಬೇಕಾದ್ದನ್ನು ಕೇಳಿದ, ಆದರೆ ಉಣ್ಣಿಸಿದ ಮೇಲೆ. ಪಾದ್ರಿ ಸಾಹೇಬರು ಓದಿದವರು, ಒಳ್ಳೆಯವರೂ ಹೌದು. ಅವರ ಕಣ್ಣೆದುರು ಬಿಳಿ ಅಕ್ಷರದಲ್ಲಿ ಸುವಾರ್ತೆಯೇ ಬರೆದಿತ್ತು. ಅದು ತೀರಾ ಸಣ್ಣದೆನಿಸಿ, ಅಳಿಸಿ, ತಮ್ಮದನ್ನು ಬರೆದುಬಿಟ್ಟರು. ಆ ಸಿಟ್ಟು ನನಗೆ ಇಳಿದಿಲ್ಲ.

ಮರುದಿನ ಮುಂಜಾನೆ ಯಾರ ಮುಖವನ್ನೂ ನೋಡದೆ ಕೆಲಸಕ್ಕೆ ಹೋದೆ. ಅವ್ವ ಕಟ್ಟಿಟ್ಟ ಬುತ್ತಿಯನ್ನು ಬೇಕಂತಲೇ ಗೋಡೆಯ ಮಾಡದಲ್ಲೇ ಬಿಟ್ಟೆ. ಬಸವನ ಬಾಗೇವಾಡಿಯ ಕಡೆಯ ಗಿರಾಕಿಯೊಬ್ಬನ ದೊಡ್ಡ ಗೇಟು ಮುಗಿಸುವುದಿತ್ತು. ಸೂರ್ಯ ನೆತ್ತಿಗೆ ಬಂದಾಗ ಕಪ್ಪು ಗಾಜಿನ ಹಿಂದೆ ಮುಖವಿಟ್ಟು ಮೂಲೆಯ ಜೋಡು ಸುಡುತ್ತಿದ್ದೆ. ಹೊರಗೆ ಸೈಕಲ್ಲಿನ ಸ್ಟ್ಯಾಂಡು ಹಾಕಿದ ಸಪ್ಪಳ. ಆ ಸ್ಟ್ಯಾಂಡಿನ ಕಿರಿಗುಟ್ಟುವಿಕೆ ನನಗೆ ಹುಟ್ಟಿದಾಗಿನಿಂದ ಗೊತ್ತು. ಐದು ವರ್ಷದಲ್ಲಿ ಅಪ್ಪ ಆ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ. ಕಾಳಪ್ಪ ಎದ್ದು ನಿಂತ.

"ಬರ್ರಿ ಬರ್ರಿ ಮಾಸ್ತರ, ಕೂಡ್ರಿ."

"ಕೂಡಂಗಿಲ್ಲ," ಅಂದ ಅಪ್ಪ. ನಾನು ವೆಲ್ಡಿಂಗ್ ರಾಡು ಬದಲಿಸಲಿಲ್ಲ, ಅದು ಕೈಯ ತನಕ ಸುಟ್ಟು ಬಂತು. ಆಗ ಅಂದ, ಕೆಟ್ಟ ಒರಟು ದನಿಯಲ್ಲಿ, ಯಾರನ್ನೋ ಬೈಯುವವನ ಹಾಗೆ: "ಊಟ ಆತೇನು?"

ನಾನು ಗಾಜು ಸರಿಸಲಿಲ್ಲ.

"ಆಗೇತಿ," ಅಂದೆ.

ಹೊಸ ರಾಡು ಚುಚ್ಚಿ ಕಿಡಿ ಹಾರಿಸಿದೆ. ಕಿಡಿ ನಿಂತಾಗ ಗಾಜು ಕೆಳಗಿಳಿಸಿ ನೋಡಿದೆ. ಅಪ್ಪ ಸೈಕಲ್ಲು ನೂಕಿಕೊಂಡು ಹೋಗುತ್ತಿದ್ದ. ಅವನ ಬೆನ್ನು ಈ ಕಡೆಗಿತ್ತು. ಹ್ಯಾಂಡಲಿಗೆ ನನ್ನ ಬುತ್ತಿಯ ಕೆಂಪು ಅರಿವೆಯ ಗಂಟು ತೂಗಾಡುತ್ತಿತ್ತು.

"ನಿನ್ನಂಥ ಕತ್ತೀನ ನಾ ನೋಡಿಲ್ಲ ನೋಡು," ಅಂದ ಕಾಳಪ್ಪ. "ಕಬ್ಬಿಣಕ್ಕ ಕಬ್ಬಿಣ ಹಚ್ಚೂದು ಕಲಿಸಿದೆ, ಏನ್ ಬಂತು?"

"ನೀ ಸುಮ್ನಿರು ಮಾವ."

ಒಂದು ತಾಸು ತಡೆದೆ. ಸಿಟ್ಟು ತಡೆದೀತು, ಹೊಟ್ಟೆ ತಡೆಯಲಿಲ್ಲ. ಮನೆಗೆ ಹೋದಾಗ ಅಪ್ಪ ಪಡಸಾಲೆಯಲ್ಲಿ ಕೂತಿದ್ದ, ಮುಂದೆ ತಾಟು, ತಾಟಿನಲ್ಲಿ ಏನೂ ಇಲ್ಲ. ಅವನ ಎದುರು ಇನ್ನೊಂದು ತಾಟು. ಬುತ್ತಿಯ ಗಂಟು ಬಿಚ್ಚದೆ ಪಕ್ಕದಲ್ಲಿತ್ತು. ನಾನು ಅವನನ್ನು ದಾಟಿ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ನನ್ನ ಜಾಗದಲ್ಲಿ ಕೂತೆ. ಆಗ ಅವ್ವ ಒಲೆ ಹಚ್ಚಿ ಹಿಟ್ಟು ನಾದತೊಡಗಿದಳು.

"ನೀ ಬರೂತನ ಹಿಟ್ಟಿಗೆ ಕೈ ಹಾಕಬ್ಯಾಡ ಅಂದಾನ ನಿಮ್ಮಪ್ಪ," ಅಂದಳು ಮೆಲ್ಲಗೆ. "ಮುಂಜಾನಿಂದ ಏನೂ ತಿಂದಿಲ್ಲ. ಹೋಗಪ್ಪಾ, ಅಲ್ಲಿ ಕೂಡು."

"ಕೂಡಂಗಿಲ್ಲ."

ಅವಳು ರೊಟ್ಟಿ ತಟ್ಟಿ, ಹಂಚಿನ ಮೇಲೆ ಉಬ್ಬಿಸಿ, ಹೊಸ್ತಿಲು ದಾಟಿ ಅಪ್ಪನ ತಾಟಿಗೆ ಒಂದು ಹಾಕಿದಳು. ಇನ್ನೊಂದನ್ನು ಕೈಯಲ್ಲಿ ಹಿಡಿದು ಹೊಸ್ತಿಲ ಮೇಲೆ ನಿಂತುಬಿಟ್ಟಳು, ಈ ಕಡೆ ನನ್ನನ್ನು, ಆ ಕಡೆ ಅವನನ್ನು ನೋಡುತ್ತ. ಬಿಸಿ ರೊಟ್ಟಿ ಅವಳ ಕೈ ಸುಡುತ್ತಿತ್ತು, ಈ ಕೈಯಿಂದ ಆ ಕೈಗೆ ಹಾಕುತ್ತಿದ್ದಳು. ಅಪ್ಪ ಕಣ್ಣು ಮುಚ್ಚಿದ.

"ಓ ಪರಲೋಕದ ತಂದೆಯೇ, ಈ ನಿನ್ನ ದಾಸಿಯನ್ನು ಆಶೀರ್ವದಿಸು," ಅಂದ. ನಿಲ್ಲಿಸಿದ. ನನ್ನ ಹೆಸರು ಇರಬೇಕಾದ ಆ ಜಾಗದಲ್ಲಿ ಐದು ವರ್ಷ ಒಂದೇ ಉಸಿರು ತಗೊಳ್ಳುತ್ತಿದ್ದವನು ಈಗ ಎರಡು ತಗೊಂಡ, ಮೂರು ತಗೊಂಡ. ರೂತಳ ಹೆಸರಿಗೆ ಹೋಗಲಿಲ್ಲ, ಅಜ್ಜಿಯ ಮೊಣಕಾಲಿಗೂ ಹೋಗಲಿಲ್ಲ. ಆಮೇಲೆ ಅವನ ಬಾಯಿಂದ ನಮ್ಮ ಮಾತು ಬಂತು, ಪ್ರಾರ್ಥನೆಯಲ್ಲಿ ನಾನು ಎಂದೂ ಕೇಳಿರದ ಮನೆಯ ಮಾತು.

"ಸ್ವಾಮಿ, ಅವ ಊಟ ಆಗೇತಿ ಅಂತ ಸುಳ್ಳ ಹೇಳ್ಯಾನ. ಹಸದಾನ. ಆಮೆನ್."

ಆಗಲೂ ಹೆಸರು ಹೇಳಲಿಲ್ಲ. ಅವ ಅಂದ, ಸಮುವೇಲ ಅನ್ನಲಿಲ್ಲ. ಇಷ್ಟು ವರ್ಷದ ಮೇಲೂ ಅದನ್ನು ನೆನೆದರೆ ನನ್ನ ಹಲ್ಲು ತಾವೇ ಕಡಿದುಕೊಳ್ಳುತ್ತವೆ. ಅವ್ವ ಆಮೆನ್ ಅಂದಳು. ನಾನು ಅನ್ನಲಿಲ್ಲ. ಎದ್ದೆ, ಪಡಸಾಲೆಗೆ ಹೋಗಲಿಲ್ಲ, ಹೊಸ್ತಿಲ ತನಕ ಬಂದು ಅವ್ವನ ಕಾಲ ಬಳಿ ಆ ಕಲ್ಲಿನ ಮೇಲೇ ಕೂತೆ, ಒಂದು ಕಾಲು ಆ ಕೋಣೆಗೆ, ಒಂದು ಕಾಲು ಈ ಕೋಣೆಗೆ. ಅಪ್ಪ ತನ್ನ ಎದುರಿನ ತಾಟನ್ನು ನೆಲದ ಮೇಲೆ ನನ್ನ ಕಡೆ ನೂಕಿದ. ಅವ್ವ ಕೈಯಲ್ಲಿದ್ದ ರೊಟ್ಟಿಯನ್ನು ಅದರಲ್ಲಿ ಹಾಕಿದಳು. ಮುರಿದೆ. ಒಳಗಿನಿಂದ ಹಬೆ ಬಂತು.